ಎಡಗಡೆಯ ಭಾಗವತರು

ಹೊಡೆದರೆ ಮಾತ್ರ ಕೆಲಸ ಮಾಡುವ ಒಂದು ಯಂತ್ರ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಇಲ್ಲ ಎಂದರೆ ನಾನು ನಂಬುವುದಿಲ್ಲ. ಟೀವಿ ರಿಮೋಟನ್ನು ಅಂಗೈಗೆ ಬಡಿದು, ಸೆಲ್ಲುಗಳನ್ನು ಹೆಬ್ಬೆರಳಿನಿಂದ ಗರಗರ ತಿರುಗಿಸಿ, ಆಮೇಲೆ ಚಾನೆಲ್ ಬದಲಾಯಿಸುವವರೇ ಈ ದೇಶದಲ್ಲಿ ಬಹುಸಂಖ್ಯಾತರು. ರಿಮೋಟಿನ ಹಿಂದಿನ ಮುಚ್ಚಳ ಸೋಫಾದ ಸಂದಿಗೆ ಬಿದ್ದು ವರ್ಷಗಳಾಗಿರುತ್ತವೆ. ಅದರ ಜಾಗಕ್ಕೆ ರಬ್ಬರ್ ಬ್ಯಾಂಡ್ ಬಂದಿರುತ್ತದೆ. ಮಿಕ್ಸಿಯ ಜಾರನ್ನು ಒಬ್ಬರು ಬಲವಾಗಿ ಒತ್ತಿ ಹಿಡಿದರಷ್ಟೇ ಚಟ್ನಿ. ಈ ಎಲ್ಲ ಕಾಯಿಲೆಗಳಿಗೆ ನಮ್ಮಲ್ಲಿ ಹೆಸರು ಒಂದೇ, ‘ಲೂಸ್ ಕಾಂಟ್ಯಾಕ್ಟ್’. ಇಸ್ತ್ರಿಪೆಟ್ಟಿಗೆಗೂ ಅದೇ, ಸ್ಕೂಟರಿನ ಹಾರ್ನಿಗೂ ಅದೇ, ನಮ್ಮ ಮಾವನ ಪ್ರಕಾರ ಅವರ ಎರಡನೆಯ ಅಳಿಯನ ತಲೆಗೂ ಅದೇ. ಎರಡನೆಯ ಅಳಿಯ ನಾನು.

ನಮ್ಮ ಮನೆಯ ಲೂಸ್ ಕಾಂಟ್ಯಾಕ್ಟಿನ ಮೂಲಸ್ಥಾನ ಒಂದು ಆಂಪ್ಲಿಫೈಯರ್. ಎಂಬತ್ತರ ದಶಕದಲ್ಲಿ ಭಾವ ಮಸ್ಕತ್ತಿನಿಂದ ಹೊತ್ತು ತಂದದ್ದು. ಬೆಳ್ಳಿಬಣ್ಣದ ಮುಖ, ಕೈತುಂಬ ಹಿಡಿಯುವ ವಾಲ್ಯೂಮ್ ನಾಬು, ದೀಪ ಬೆಳಗುವ ಎರಡು ಸೂಜಿ ಮೀಟರು. ಪದ್ಯ ಶುರುವಾದರೆ ಆ ಸೂಜಿಗಳೆರಡೂ ತಲೆಯಾಡಿಸುತ್ತವೆ. ನನ್ನ ಅಭಿರುಚಿಗೆ ಮನೆಯಲ್ಲಿ ತಲೆಯಾಡಿಸುವವರು ಅವರಿಬ್ಬರೇ.

ಮನೆ ಇರುವುದು ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ, ಮಳೆ ಇಲ್ಲದ ದಿನ ಉಪ್ಪು ಗಾಳಿ, ಗಾಳಿಯ ಜೊತೆಗೆ ಬಂಗುಡೆಯ ಸಮಾಚಾರ. ಇಲ್ಲಿ ಗೇಟಿನ ಬಿಜಾಗರಿ, ಕಿಟಕಿಯ ಸರಳು, ಸೈಕಲ್ಲಿನ ಚೈನು ಎಲ್ಲವೂ ತಮ್ಮ ಪಾಡಿಗೆ ಸವೆಯುತ್ತವೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನನ್ನ ಆಂಪ್ಲಿಫೈಯರಿಗೆ ಮಾತ್ರ ಅರಬ್ಬೀ ಸಮುದ್ರ ರಿಯಾಯಿತಿ ಕೊಡಬೇಕು ಎಂದು ನಾನು ಅಂದುಕೊಂಡಿದ್ದೆ.

ಕೇಳುವುದು ಯಕ್ಷಗಾನದ ಹಳೆಯ ಕ್ಯಾಸೆಟ್ಟು. ಅದರಲ್ಲೂ ನನಗೆ ಪ್ರಾಣವಾದ ಒಂದರಲ್ಲಿ, ಸ್ಟೀರಿಯೋ ಎಂಬ ಹೊಸ ಹುರುಪಿನಲ್ಲಿ ಮುದ್ರಿಸಿದವರು ಭಾಗವತರನ್ನು ಪೂರ್ತಿ ಎಡಗಡೆಗೆ, ಚೆಂಡೆಯನ್ನು ಪೂರ್ತಿ ಬಲಗಡೆಗೆ ಕೂರಿಸಿ, ಮದ್ದಲೆಯನ್ನು ಎರಡೂ ಕಡೆಗೆ ಸಮನಾಗಿ ಹಂಚಿದ್ದರು. ಹಾಗಾಗಿ ಒಂದು ಮಳೆಗಾಲದಲ್ಲಿ ನಮ್ಮ ಆಂಪ್ಲಿಫೈಯರಿನ ಎಡಗಿವಿ ಮುಚ್ಚಿದಾಗ ಭಾಗವತರೇ ನಾಪತ್ತೆಯಾದರು. ಬಲಗಡೆಯಿಂದ ಚೆಂಡೆ, ಮದ್ದಲೆ ಮಾತ್ರ ಡಬಡಬ. ಪದ್ಯವೇ ಇಲ್ಲದ ಆಟ.

ಕಾಯಿಲೆಗೊಂದು ವಿಚಿತ್ರ ಗುಣವಿತ್ತು. ವಾಲ್ಯೂಮ್ ಕಡಿಮೆ ಇದ್ದರೆ ಎಡಗಡೆ ಸತ್ತಿರುತ್ತದೆ. ಏರಿಸುತ್ತ, ಏರಿಸುತ್ತ ಹೋದರೆ ಒಂದು ಹಂತದಲ್ಲಿ ಧಿಗ್ಗನೆ ಎದ್ದು ಕೂರುತ್ತದೆ. ಆಮೇಲೆ ಇಳಿಸಿದರೂ ಸಾಯುವುದಿಲ್ಲ; ಆಫ್ ಮಾಡಿ ಮರುದಿನ ಹಾಕಿದರೆ ಮತ್ತೆ ಯಥಾಸ್ಥಿತಿ. ಎಂದರೆ, ಭಾಗವತರು ಮೆಲ್ಲಗೆ ಹಾಡಬೇಕಾದರೆ ಮೊದಲೊಮ್ಮೆ ಊರು ಹಾರುವಷ್ಟು ಗಟ್ಟಿಯಾಗಿ ಹಾಡಲೇಬೇಕು.

ಒಂದು ಭಾನುವಾರ ನಸುಕಿನಲ್ಲಿ, ಯಾರ ನಿದ್ದೆಯೂ ಕೆಡಬಾರದೆಂಬ ಒಳ್ಳೆಯ ಮನಸ್ಸಿನಿಂದ ಸಣ್ಣ ದನಿಯಲ್ಲಿ ಕೇಳುವ ಆಸೆಯಾಯಿತು. ಸಣ್ಣ ದನಿ ಬೇಕಾದ್ದರಿಂದ ನಾಬು ಏರಿಸಿದೆ. ಭಾಗವತರು ಎದ್ದರು. ಎದ್ದದ್ದು ಬಣ್ಣದ ವೇಷದ ಪ್ರವೇಶದ ಹೊತ್ತಿಗೆ. ರಾಕ್ಷಸನ ಅಟ್ಟಹಾಸ, ಚೆಂಡೆ, ಜಾಗಟೆ ಎಲ್ಲ ಕೂಡಿ ಬೀದಿಯ ನಾಯಿಗಳು ಎದ್ದವು. ಕಾಂಪೌಂಡಿನ ಆಚೆಯಿಂದ ನಿವೃತ್ತ ಹೆಡ್ಮಾಸ್ಟ್ರು ಮಂಗನ ಟೊಪ್ಪಿ ಹಾಕಿಕೊಂಡು ಇಣುಕಿದರು.

‘ಯಾವ ಮೇಳ ಮಾರಾಯ್ರೆ? ಹರಕೆ ಆಟವಾ?’

‘ಅಲ್ಲ ಮಾಸ್ಟ್ರೆ, ಕ್ಯಾಸೆಟ್ಟು. ಮೆಲ್ಲಗೆ ಇಡ್ತಾ ಇದ್ದೇನೆ.’

‘ಊಟ ಉಂಟಾ ಅಂತ ಕೇಳುವ ಅಂತ ಬಂದೆ,’ ಎಂದು ನಿರಾಶೆಯಿಂದ ಒಳಗೆ ಹೋದರು.

ಮಾವನ ಚಿಕಿತ್ಸೆ ಸರಳ. ಜಗಲಿಯಿಂದ ಎದ್ದು ಬಂದು ಆಂಪ್ಲಿಫೈಯರಿನ ನೆತ್ತಿಗೆ ಅಂಗೈಯಿಂದ ಒಂದು ಬಿಗಿಯುತ್ತಿದ್ದರು. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ಕೆಲವು ಸಲ ಅದು ಸರಿಯಾಗುತ್ತಿತ್ತು. ನಾನು ಹೊಡೆದರೆ ಮಾತ್ರ ಇದ್ದ ಬಲಗಡೆಯೂ ಹೋಗುತ್ತಿತ್ತು. ಎಲ್ಲಿ ಹೊಡೆಯಬೇಕು ಎಂದು ಕೇಳಿದರೆ, ‘ಅದು ಹೇಳಿಕೊಟ್ಟು ಬರುದಲ್ಲ’ ಎನ್ನುತ್ತಿದ್ದರು. ಅಪಮಾನ ತಡೆಯಲಾರದೆ ನಾನು ವಿಜ್ಞಾನದ ಮೊರೆ ಹೋದೆ. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನನ್ನು ಫೋನಿನಲ್ಲಿ ಪೀಡಿಸಿ, ಸಿಕ್ಕಿದ್ದನ್ನೆಲ್ಲ ಓದಿ, ವಾರ ಮುಗಿಯುವಷ್ಟರಲ್ಲಿ ನಾನೊಬ್ಬ ಪಂಡಿತನಾಗಿಬಿಟ್ಟೆ. ಪಂಡಿತನಾದ ಮೇಲೆ ಕೇಳುವವರು ಬೇಕಲ್ಲ? ಹೆಂಡತಿ ಹಿತ್ತಿಲಲ್ಲಿ ಕೂತು ಬಿಂಬುಳಿ ಹಿಸುಕಿ, ತೆಂಗಿನ ನಾರಿನಿಂದ ಹಿತ್ತಾಳೆಯ ಕಾಲುದೀಪ ತಿಕ್ಕುತ್ತಿದ್ದಳು. ಎದ್ದು ಹೋಗಲಾರದ ಸ್ಥಿತಿ. ನಾನು ಎದುರಿಗೆ ಸ್ಟೂಲು ಹಾಕಿಕೊಂಡೆ.

‘ನಮ್ಮ ಆಂಪ್ಲಿಫೈಯರಿಗೆ ಆದದ್ದು ಲೂಸ್ ಕಾಂಟ್ಯಾಕ್ಟ್ ಅಲ್ಲ, ಗೊತ್ತುಂಟಾ? ಆಕ್ಸಿಡೇಶನ್.’

‘ಓ.’

‘ತಾಮ್ರಕ್ಕೆ ಗಾಳಿಯ ಆಮ್ಲಜನಕ ತಾಗಿದರೆ ಮೊದಲು ಕೆಂಪಗಿನ ಕ್ಯುಪ್ರಸ್ ಆಕ್ಸೈಡ್ ಆಗ್ತದೆ. ಆಮೇಲೆ ಕಪ್ಪಗಿನ ಕ್ಯುಪ್ರಿಕ್ ಆಕ್ಸೈಡ್. ನಮ್ಮ ಹಾಗೆ ಕಡಲ ಬದಿಯಲ್ಲಿದ್ದರೆ ಉಪ್ಪಿನ ಕ್ಲೋರೈಡ್ ಸಹ ಸೇರಿ ಹಸಿರು ಕಿಲುಬು. ಬೆಳ್ಳಿಯ ಕಥೆ ಬೇರೆ. ಬೆಳ್ಳಿ ಕಪ್ಪಾಗುವುದು ಆಮ್ಲಜನಕದಿಂದಲ್ಲ, ಗಂಧಕದಿಂದ...’

‘ನೀರುಳ್ಳಿ, ಮೊಟ್ಟೆ ಇಟ್ಟ ಕಡೆ ಬೆಳ್ಳಿ ಇಡಬಾರದು ಅಂತ ಅಮ್ಮ ಹೇಳುದು ಅದಕ್ಕೇ ಇರಬೇಕು,’ ಎಂದಳು ದೀಪದ ಕಂಠ ತಿಕ್ಕುತ್ತ. ‘ರಬ್ಬರ್ ಬ್ಯಾಂಡ್ ಸಹ ಸುತ್ತಬಾರದು. ಅದರಲ್ಲಿಯೂ ಗಂಧಕ ಉಂಟಲ್ಲ?’

ನನ್ನ ಉಪನ್ಯಾಸದ ಕೊನೆಗೆಂದು ನಾನು ಜೋಪಾನವಾಗಿ ಇಟ್ಟುಕೊಂಡಿದ್ದ ಮಾತು ಅದು. ಸೋಲಬಾರದೆಂದು ಇನ್ನೊಂದು ಬಾಣ ಹೂಡಿದೆ. ‘ಈ ತಾಮ್ರದ ಆಕ್ಸೈಡ್ ಇದೆಯಲ್ಲ, ಅದರ ಮೂಲಕ ಕರೆಂಟು ಒಂದು ದಿಕ್ಕಿಗೆ ಸುಲಭವಾಗಿ ಹೋಗ್ತದೆ, ವಾಪಸು ಬರಲಿಕ್ಕೆ ಬಿಡುದಿಲ್ಲ. 1920ರ ದಶಕದಲ್ಲಿ ತಾಮ್ರದ ಬಿಲ್ಲೆಗಳ ಮೇಲೆ ಬೇಕಂತಲೇ ಇದನ್ನು ಬೆಳೆಸಿ ರೆಕ್ಟಿಫೈಯರ್ ಮಾಡ್ತಿದ್ದರು. ಬ್ಯಾಟರಿ ಚಾರ್ಜು ಮಾಡಲಿಕ್ಕೆ!’

‘ಹೋದ ಕರೆಂಟು ವಾಪಸು ಬರುದಿಲ್ವಾ? ಬಿಲ್ಲು ಮಾತ್ರ ಬರುದಾ?’

ಇಂಥವರ ಎದುರು ವಿಜ್ಞಾನ ಬೆಳೆಯುವುದು ಹೇಗೆ ಹೇಳಿ. ಆದರೂ ಮುಖ್ಯ ವಿಷಯ ಬಿಡಲಿಲ್ಲ. ಸ್ವಿಚ್ ಒತ್ತಿದ ಮೂರ್ನಾಲ್ಕು ಸೆಕೆಂಡಿಗೆ ಆಂಪ್ಲಿಫೈಯರಿನ ಒಳಗೆ ‘ಟಕ್’ ಎಂದು ಸದ್ದಾಗುತ್ತದೆ. ಅದು ರಿಲೇ. ಆನ್ ಮಾಡಿದ ಕ್ಷಣದ ಆಘಾತ ಸ್ಪೀಕರಿಗೆ ತಾಗದಿರಲೆಂದು ತುಸು ತಡೆದು ದಾರಿ ಬಿಡುವ ಸ್ವಿಚ್ಚು. ಅದರೊಳಗಿನ ಬೆಳ್ಳಿಯ ತುದಿಗಳು ಕಪ್ಪಾದರೆ, ಮೆಲುದನಿಯ ಸಣ್ಣ ವೋಲ್ಟೇಜಿಗೆ ಆ ಪೊರೆ ದಾಟುವ ತ್ರಾಣ ಇರುವುದಿಲ್ಲ. ವಾಲ್ಯೂಮ್ ಏರಿಸಿದರೆ ವೋಲ್ಟೇಜ್ ಏರಿ ಪೊರೆ ಹರಿದು ದಾರಿಯಾಗುತ್ತದೆ. ಮಾವನ ಹೊಡೆತದಿಂದ ತುದಿಗಳು ಅದುರಿ ಒಂದಕ್ಕೊಂದು ಉಜ್ಜಿಕೊಂಡು ಅಷ್ಟರಮಟ್ಟಿಗೆ ಕಪ್ಪು ಸವೆಯುತ್ತದೆ. ಎಂದರೆ ಮಾವನ ಹೊಡೆತಕ್ಕೂ ವಿಜ್ಞಾನದ ಬೆಂಬಲ ಇತ್ತು. ಈ ಕೊನೆಯ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ನಿಮಗೆ ಮಾತ್ರ ಹೇಳಿದ್ದು, ಅಲ್ಲಿಗೇ ಇರಲಿ.

‘ಹಾಗಾದರೆ ತಿಕ್ಕಿದರೆ ಆಯ್ತಲ್ಲ?’ ಎಂದು ಹೆಂಡತಿ ನನ್ನತ್ತ ಒಂದು ಬಿಂಬುಳಿ ಚಾಚಿದಳು.

ನಾನು ನಕ್ಕೆ. ಎಲೆಕ್ಟ್ರಾನಿಕ್ಸ್ ಎಂದರೇನು, ಬಿಂಬುಳಿ ಎಂದರೇನು! ಇದಕ್ಕೆ ಬೇಕಾದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ 99 ಪರ್ಸೆಂಟಿನದ್ದು. ಅಂಗಿ ಹಾಕಿಕೊಂಡು ಮೆಡಿಕಲ್ ಅಂಗಡಿಗೆ ಹೊರಟೆ.

ಅಂಗಡಿಯಲ್ಲಿ ಸಂಜೆಯ ಗಿರಾಕಿಗಳು. ನಾನು ತಗ್ಗಿದ ದನಿಯಲ್ಲೇ ಕೇಳಿದೆ. ಹುಡುಗ ತಗ್ಗಿದ ದನಿಯವನಲ್ಲ.

‘99 ಪರ್ಸೆಂಟ್ ಆಲ್ಕೋಹಾಲಾ? ಯಾರಿಗೆ ಸರ್?’

‘ನನಗೇ. ಮನೆಯಲ್ಲಿ ಉಪಯೋಗಕ್ಕೆ.’

ಅಂಗಡಿ ಸ್ತಬ್ಧವಾಯಿತು. ಪಕ್ಕದಲ್ಲಿ ಬಿಪಿ ಮಾತ್ರೆಗೆ ನಿಂತಿದ್ದ ಹೆಡ್ಮಾಸ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಸಂಶಯ ನಿವಾರಿಸುವುದು ನನ್ನ ಕರ್ತವ್ಯವಾಯಿತು. ‘ಹಾಗಲ್ಲ ಮಾಸ್ಟ್ರೆ, ಯಕ್ಷಗಾನ ಕೇಳಲಿಕ್ಕೆ ಬೇಕು,’ ಎಂದೆ. ಈ ವಿವರಣೆಯಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಅಂಗಡಿಯಲ್ಲಿ ಅದು ಇರಲಿಲ್ಲ. ನಾನು ಬರಿಗೈಯಲ್ಲಿ ಮನೆಗೆ ಬರುವಷ್ಟರಲ್ಲಿ ಸುದ್ದಿ ಮಾತ್ರ ಕೈತುಂಬ ಬಂದಿತ್ತು. ಮಾವ ನನ್ನನ್ನು ಚಾವಡಿಯ ಮೂಲೆಗೆ ಕರೆದು ಕೂರಿಸಿದರು. ‘ನೋಡಿ, ಅಂಗಡಿಯಲ್ಲಿ ಎಲ್ಲರಿಗೂ ಸಿಗುದು 42.8 ಪರ್ಸೆಂಟಿನದ್ದು. ಅಷ್ಟರಲ್ಲೇ ಎಷ್ಟು ಸಂಸಾರ ಹಾಳಾಗಿದೆ. ನೀವು ಸೀದಾ 99ಕ್ಕೆ ಹೋದದ್ದಾ?’

ಒಳಗಿನಿಂದ ಅತ್ತೆ ಬಂದರು. ಅವರು ನನ್ನನ್ನು ನೋಡಲಿಲ್ಲ. ಆ ದಶಾಂಶ ಇವರಿಗೆ ಹೇಗೆ ಗೊತ್ತು ಎಂದು ಮಾವನನ್ನೇ ನೋಡಿದರು. ಆ ರಾತ್ರಿಯ ವಿಚಾರಣೆ ಬೇರೆ ಕೋಣೆಗೆ ವರ್ಗವಾಯಿತು, ನಾನು ಪಾರಾದೆ.

ಅಮೆರಿಕದಿಂದ ರಜೆಗೆ ಬರುವ ಷಡ್ಡಕನಿಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತರಲು ಹೇಳಿದೆ. ಬೆಂಕಿ ಹಿಡಿಯುವ ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂದು ಆತ ಬಾದಾಮಿ ತಂದ. ಬಾದಾಮಿಯಿಂದ ಏನು ತಿಕ್ಕಲಿ? ಅಷ್ಟರಲ್ಲಿ ಅಟ್ಟದ ಮೇಲೆ ಕೊರೋನಾ ಕಾಲದ ಸ್ಯಾನಿಟೈಸರ್ ಕ್ಯಾನು ಕಣ್ಣಿಗೆ ಬಿತ್ತು. ಅದೂ ಆಲ್ಕೋಹಾಲೇ ತಾನೆ? ಇಯರ್ ಬಡ್ಸಿಗೆ ಅದ್ದಿ ಆಂಪ್ಲಿಫೈಯರಿನ ಹಿಂದಿನ ಜಾಕುಗಳಿಗೆಲ್ಲ ಭಕ್ತಿಯಿಂದ ಲೇಪಿಸಿದೆ. ಕೈ ಒಣಗದಿರಲೆಂದು ಅದಕ್ಕೆ ಗ್ಲಿಸರಿನ್ ಸೇರಿಸುತ್ತಾರೆ ಎಂಬುದು ನನಗೆ ನೆನಪಾಗಲಿಲ್ಲ. ಆಲ್ಕೋಹಾಲ್ ಹಾರಿಹೋಯಿತು, ಗ್ಲಿಸರಿನ್ ಉಳಿಯಿತು. ಉಳಿದ ಅಂಟಿಗೆ ಮನೆಯ ಧೂಳೆಲ್ಲ ಬಂದು ಸೇರಿತು. ನಮ್ಮ ಆಂಪ್ಲಿಫೈಯರಿಗೆ ವೈರಸ್ ಮಾತ್ರ ತಾಗಲಿಲ್ಲ, ಅದನ್ನು ಒಪ್ಪಬೇಕು.

ಅಕ್ಕನ ಮಗ ಶನಿವಾರ ಬಂದಾಗ ಇನ್ನೊಂದು ಗುಟ್ಟು ಬಿಚ್ಚಿದ. ‘ಮಾಮ, ಆಲ್ಕೋಹಾಲಿನಿಂದ ಜಿಡ್ಡು, ಧೂಳು ಹೋಗ್ತದೆ. ಆಕ್ಸೈಡ್ ಕರಗುದಿಲ್ಲ. 99 ಇದ್ದರೂ ಕರಗುದಿಲ್ಲ.’

‘ಮತ್ತೆ ಎಂತದರಲ್ಲಿ ಕರಗ್ತದೆ?’

‘ಆಸಿಡ್. ಹುಳಿ ಇರುವ ಯಾವುದಾದರೂ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಸಿಡ್ ತುಂಬಾ ಉಂಟು.’

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಏನೂ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ಮರುದಿನ ಅವಳು ಪೇಟೆಗೆ ಹೋದ ಸಮಯ ನೋಡಿ ನಾನು ಹಿತ್ತಿಲಿನ ಬಿಂಬುಳಿ ಮರದ ಬುಡದಲ್ಲಿ ಕಳ್ಳಹೆಜ್ಜೆ ಇಟ್ಟೆ. ಸ್ಪೀಕರ್ ವೈರುಗಳ ತುದಿ ಪಾಚಿ ಹಸಿರಾಗಿತ್ತು. ಬಿಂಬುಳಿ ಸೀಳಿ ಉಜ್ಜಿದೆ. ಏನು ಹೇಳಲಿ, ತಾಮ್ರ ಮದುವಣಗಿತ್ತಿಯ ಹಾಗೆ ಕೆಂಪಾಯಿತು. ಹಾಗೇ ಸಿಕ್ಕಿಸಿ, ಸಿಪ್ಪೆಗಳನ್ನು ಬಾಳೆಯ ಬುಡಕ್ಕೆ ಹೂತು, ಏನೂ ಅರಿಯದವನಂತೆ ಪೇಪರು ಓದುತ್ತ ಕೂತೆ. ವಾರ ಕಳೆಯಲಿಲ್ಲ, ತುದಿಗಳು ಮೊದಲಿಗಿಂತ ಹಸಿರಾದವು. ಹುಳಿ ಅಲ್ಲೇ ಕೂತು ತಾಮ್ರವನ್ನು ತಿನ್ನುತ್ತಿತ್ತು. ಹೆಂಡತಿ ಬಂದು ಬಗ್ಗಿ ನೋಡಿದಳು. ಮೂಸಿಯೂ ನೋಡಿದಳು.

‘ತಿಕ್ಕಿದ ಮೇಲೆ ತೊಳೆದು, ಒರೆಸಿ, ಬಿಸಿಲಿಗೆ ಇಡಬೇಕು ಅಂತ ನಿಮ್ಮ ಯಾವ ಪುಸ್ತಕದಲ್ಲಿಯೂ ಇಲ್ವಾ?’

ಈಗ ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸುವುದೊಂದೇ ದಾರಿ. ಒಂದಿಂಚು ಕತ್ತರಿಸಿ ಪ್ಲಾಸ್ಟಿಕ್ ಸುಲಿದರೆ ಒಳಗೂ ಕಪ್ಪು. ಇನ್ನೂ ಒಂದಿಂಚು. ಅಲ್ಲೂ ಕಪ್ಪು. ಉಪ್ಪು ತೇವ ಎಳೆಗಳ ನಡುವೆ ನುಸುಳಿ ಎಷ್ಟೋ ಒಳಗೆ ಹೋಗಿಬಿಟ್ಟಿತ್ತು. ನಾನೂ ಹಟಕ್ಕೆ ಬಿದ್ದು ಕತ್ತರಿಸುತ್ತ ಹೋದೆ. ಕೊನೆಗೆ ಕೆಂಪು ತಾಮ್ರವೇನೋ ಕಂಡಿತು, ಆದರೆ ಕೋಣೆಯ ಎರಡು ಮೂಲೆಯಲ್ಲಿದ್ದ ಸ್ಪೀಕರುಗಳು ಆಂಪ್ಲಿಫೈಯರಿನ ಎರಡು ಪಕ್ಕೆಗೆ ಅಂಟಿ ಕೂರಬೇಕಾಯಿತು. ಭಾಗವತರೂ ಚೆಂಡೆಯವರೂ ಒಂದೇ ಚಾಪೆಯಲ್ಲಿ.

ಇಷ್ಟರ ನಡುವೆ ಚಿನ್ನದ ಪ್ರಕರಣ ಒಂದಿದೆ. ಕ್ಯಾಸೆಟ್ ಡೆಕ್ಕಿನಿಂದ ಆಂಪ್ಲಿಫೈಯರಿಗೆ ಬರುವ ವೈರಿನ ಪಿನ್ನುಗಳು ಆರ್‌ಸಿಎ ಪಿನ್ನುಗಳು. ಅಮೆರಿಕದ ಆ ಕಂಪನಿ ರೇಡಿಯೋಕ್ಕೂ ಗ್ರಾಮಫೋನಿಗೂ ಗಂಟು ಹಾಕಲು ಮಾಡಿದ ಪಿನ್ನು ಇವತ್ತಿನವರೆಗೂ ಹಾಗೇ ಬಾಳಿದೆ. ನಾನು ಹಿಂದೊಮ್ಮೆ ಅದರ ದುಬಾರಿ ನಮೂನೆ ಕೊಂಡಿದ್ದೆ, ಚಿನ್ನದ ಲೇಪದ್ದು. ಹೆಂಡತಿಗೆ ಹೇಳುವಾಗ ‘ಹಳದಿ ಪಿನ್ನು’ ಎಂದಿದ್ದೆ. ಪಂಡಿತನಾದ ಮತ್ತಿನಲ್ಲಿ ಬಾಯಿ ಜಾರಿತು.

‘ಚಿನ್ನಕ್ಕೆ ಕಿಲುಬೇ ಹಿಡಿಯುವುದಿಲ್ಲ, ಅದಕ್ಕೇ ನಾನು ಚಿನ್ನದ್ದು ತಂದದ್ದು.’

‘ಯಾರಿಗೆ ಚಿನ್ನ ತಂದದ್ದು?’

‘ಡೆಕ್ಕಿಗೆ.’

‘ಓಹೋ. ಡೆಕ್ಕಿನ ಮದುವೆ ಯಾವಾಗ?’

ಅಂದಿನಿಂದ ನಮ್ಮ ಮನೆಗೆ ಬಂದ ನೆಂಟರೆಲ್ಲ ಆಂಪ್ಲಿಫೈಯರಿನ ಹಿಂದೆ ಇಣುಕಿ ಹೋಗುವಂತಾಯಿತು. ಜನ ನೋಡುತ್ತಾರೆಂದ ಮೇಲೆ ಹೊಳಪಿರಬೇಡವೇ? ಪಾಲಿಶ್ ಪೇಪರ್ ಹಿಡಿದು ಪಿನ್ನುಗಳನ್ನು ಉಜ್ಜಿದೆ. ಮೊದಲು ಹಳದಿ ಮಾಯವಾಗಿ ಬಿಳಿ ಕಂಡಿತು. ಕೊಳೆ ಇರಬೇಕೆಂದು ಇನ್ನಷ್ಟು ಉಜ್ಜಿದೆ. ಬಿಳಿ ಹೋಗಿ ಮತ್ತೆ ಥಳಥಳ ಹಳದಿ! ಎಷ್ಟು ಹೊಳೆಯಿತೆಂದರೆ ಮಾವನನ್ನು ಕರೆದು ತೋರಿಸಿದೆ, ‘ಅಪರಂಜಿ’ ಎಂದೆ. ಅಕ್ಕನ ಮಗ ನೋಡಿ ತಲೆಗೆ ಕೈ ಹಚ್ಚಿದ. ಚಿನ್ನದ ಲೇಪ ಒಂದು ಮೈಕ್ರಾನ್ ಕೂಡ ದಪ್ಪ ಇರುವುದಿಲ್ಲವಂತೆ. ಅದು ಮೊದಲ ಉಜ್ಜಿಗೇ ಹೋಗಿತ್ತು. ಬಿಳಿ ಎಂದರೆ ನಿಕ್ಕಲ್, ಅದೂ ಹೋಯಿತು. ನಾನು ಅಪರಂಜಿ ಎಂದು ಮೆರೆಸಿದ್ದು ತಳದ ಹಿತ್ತಾಳೆ. ‘ಇನ್ನು ಇದನ್ನೂ ಕಾಲುದೀಪದ ಜೊತೆಗೇ ಇಡಿ, ನಾನು ತಿಕ್ಕಿ ಕೊಡ್ತೇನೆ’ ಎಂದು ಹೆಂಡತಿ ಔದಾರ್ಯ ತೋರಿದಳು.

ಕೊನೆಗೆ ಉಡುಪಿ ಪೇಟೆಯ ಬಿಡಿಭಾಗದ ಅಂಗಡಿಯಲ್ಲೇ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಕ್ಕಿತು. ಅಮೆರಿಕದವರೆಗೆ ಹೋದವನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಇದ್ದದ್ದು ಕಾಣಲಿಲ್ಲ. ಆಂಪ್ಲಿಫೈಯರಿನ ಹೊಟ್ಟೆ ಬಿಚ್ಚುವ ಮುಹೂರ್ತ ಕೂಡಿಬಂತು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳು ಚಾರ್ಜು ಹಿಡಿದುಕೊಂಡಿರುತ್ತವೆ, ತುಂಬ ಹೊತ್ತು ಬಿಟ್ಟು ಮುಟ್ಟಬೇಕು ಎಂದು ಅಕ್ಕನ ಮಗ ಎಚ್ಚರಿಸಿದ್ದ. ನಾನು ಎಷ್ಟು ಹೊತ್ತು ಬಿಟ್ಟೆನೆಂದರೆ ಊಟ ಮುಗಿಸಿ ಒಂದು ನಿದ್ದೆಯನ್ನೂ ತೆಗೆದೆ. ಧೈರ್ಯದ ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ.

ಮುಚ್ಚಳ ತೆಗೆದರೆ ಒಳಗೆ ಒಂದು ಸಂಸಾರವೇ ಇತ್ತು. ಒಣಗಿದ ಹಲ್ಲಿ, ಜಿರಲೆಯ ಮೊಟ್ಟೆಪೆಟ್ಟಿಗೆ, ಉಪಯೋಗಿಸದ ಜಾಕಿನ ತೂತಿನಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಮನೆ. ನನ್ನ ಹೆಂಡತಿಗೆ ಹತ್ತು ವರ್ಷದ ಹಿಂದೆ ಕಳೆದ ಮೂಗುಬೊಟ್ಟು ಸಿಗಬಹುದೆಂಬ ಆಸೆ ಇತ್ತು, ಸಿಗಲಿಲ್ಲ. ಸಿಕ್ಕಿದ್ದರೆ ನನ್ನ ಚರಿತ್ರೆಯೇ ಬದಲಾಗುತ್ತಿತ್ತು.

ರಿಲೇಯ ಪ್ಲಾಸ್ಟಿಕ್ ಟೊಪ್ಪಿ ಮೆಲ್ಲಗೆ ಮೇಲೆತ್ತಿದರೆ ಒಳಗೆ ಕರ್ರಗಿನ ಪುಟ್ಟ ತುದಿಗಳು. ಅದಕ್ಕೆ ಪಾಲಿಶ್ ಪೇಪರ್ ತೋರಿಸಿದರೆ ಕೈ ಕಡಿಯುತ್ತೇನೆ ಎಂದು ಅಕ್ಕನ ಮಗ ಹೇಳಿದ್ದರಿಂದ, ಒಂದು ಕಾರ್ಡಿನ ಪಟ್ಟಿ ಕತ್ತರಿಸಿ, ಕ್ಲೀನರ್ ತಾಗಿಸಿ, ತುದಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯಬೇಕಿತ್ತು. ದಪ್ಪ ಕಾರ್ಡಿಗೆ ಹುಡುಕಿದಾಗ ನನ್ನದೇ ವಿಸಿಟಿಂಗ್ ಕಾರ್ಡುಗಳ ಡಬ್ಬಿ ಸಿಕ್ಕಿತು. ನಿವೃತ್ತಿಗೆ ಸ್ವಲ್ಪ ಮೊದಲು ಪ್ರಮೋಶನ್ ಆದ ಸಂಭ್ರಮಕ್ಕೆ ಉಬ್ಬಚ್ಚು ಹಾಕಿಸಿ ಮಾಡಿಸಿದ್ದು. ಕೊಳ್ಳುವವರು ಸಿಗದೆ ಡಬ್ಬಿ ತುಂಬ ಹಾಗೇ ಉಳಿದಿತ್ತು. ಒಂದೊಂದೇ ಎಳೆದೆ. ಪ್ರತಿ ಕಾರ್ಡಿನ ಮೇಲೂ ಕಪ್ಪು ಗೆರೆ, ಸರಿಯಾಗಿ ನನ್ನ ಹುದ್ದೆಯ ಮೇಲೆ. ಇಷ್ಟು ವರ್ಷದಲ್ಲಿ ಆ ಕಾರ್ಡಿನಿಂದ ಆದ ಮೊದಲ ಕಾಂಟ್ಯಾಕ್ಟ್ ಅದು.

ಆಮೇಲೆ ವಾಲ್ಯೂಮ್ ಕಂಟ್ರೋಲು. ತಿರುಗಿಸುವಾಗೆಲ್ಲ ಹಪ್ಪಳ ಮುರಿದಂಥ ಕರಕರ ಬರುತ್ತದಲ್ಲ, ಅದು ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಓಡಾಡುವ ಲೋಹದ ಕಾಲಿಗೆ ಕೊಳೆ ಅಡ್ಡಬರುವುದರಿಂದ. ಸಂದಿಯಲ್ಲಿ ಒಂದಿಷ್ಟು ಸ್ಪ್ರೇ ಬಿಟ್ಟು, ಕರೆಂಟಿಲ್ಲದಾಗಲೇ ನಾಬನ್ನು ಈ ತುದಿಯಿಂದ ಆ ತುದಿಗೆ ಹತ್ತಾರು ಸಲ ತಿರುಗಿಸಬೇಕು. ತಿರುಗಿಸಿದೆ. ಕೊನೆಯ ಸಲ ಆ ತುದಿಗೆ ಒಯ್ದಾಗ ಹೆಂಡತಿ ಚಹಾಕ್ಕೆ ಕರೆದಳು. ನಾಬು ಆ ತುದಿಯಲ್ಲೇ ಉಳಿಯಿತು.

ಚಹಾದ ನಂತರ ಕ್ಲೀನರೆಲ್ಲ ಆರಿತೆಂದು ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಎಲ್ಲರನ್ನೂ ಚಾವಡಿಗೆ ಕರೆದೆ. ಇಂಥ ವಿಷಯದಲ್ಲಿ ಸಾಕ್ಷಿಗಳಿಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಕ್ಯಾಸೆಟ್ ಹಾಕಿ, ಪ್ಲೇ ಒತ್ತಿ, ಪವರ್ ಕೊಟ್ಟೆ. ಮೂರ್ನಾಲ್ಕು ಸೆಕೆಂಡು ಏನೂ ಇಲ್ಲ. ‘ಮೊದಲಿಗೆ ಮೌನ ಇರ್ತದೆ, ಈಗ ಟಕ್ ಎನ್ನುತ್ತದೆ ನೋಡಿ’ ಎಂದು ಕೈಯೆತ್ತಿ ವಿವರಿಸುತ್ತಿದ್ದೆ.

ಟಕ್ ಎಂದಿತು. ಮುಂದಿನದನ್ನು ವರ್ಣಿಸುವುದು ಕಷ್ಟ. ಬೆಕ್ಕು ಅತ್ತೆಯ ಮಡಿಲಿನಿಂದ ನೇರ ನಾಗಂದಿಗೆಗೆ ಹಾರಿತು. ಅತ್ತೆ ಬೆಕ್ಕು ಇದ್ದ ಜಾಗದಲ್ಲಿ ಕೈಮುಗಿದು ಕೂತಿದ್ದರು. ಮಾವ ಮಾತ್ರ ಅಭ್ಯಾಸಬಲದಿಂದ ಎದ್ದು ಬಂದು ಆಂಪ್ಲಿಫೈಯರಿಗೆ ಹೊಡೆದರು. ನಾನು ನಾಬು ಹುಡುಕಿ ತಿರುಗಿಸುವಷ್ಟರಲ್ಲಿ ಕಾಂಪೌಂಡಿನ ಮೇಲೆ ಮಂಗನ ಟೊಪ್ಪಿ ಕಂಡಿತು. ‘ಇವತ್ತಾದರೂ ಊಟ ಉಂಟಾ?’

ಸದ್ದಿಳಿದ ಮೇಲೆ ಗಮನಕ್ಕೆ ಬಂತು: ಎಡಗಡೆಯಿಂದ ಭಾಗವತರು ಮೆಲ್ಲಗೆ, ನಿಖರವಾಗಿ ಹಾಡುತ್ತಿದ್ದಾರೆ! ಪಿಸುದನಿಗೆ ಇಳಿಸಿದರೂ ಹಾಡುತ್ತಿದ್ದಾರೆ. ಕರಕರ ಇಲ್ಲ. ನಾನು ಎದೆಯುಬ್ಬಿಸಿ ಮಾವನನ್ನು ನೋಡಿದೆ.

‘ಹೊಡೆದ ಕೂಡಲೇ ಸರಿಯಾಯ್ತು ನೋಡಿ,’ ಎಂದರು ಅಂಗೈ ಉಜ್ಜಿಕೊಳ್ಳುತ್ತ. ಆಮೇಲೆ ಕಿವಿ ಕೊಟ್ಟು ಕೇಳಿ, ‘ಮದ್ದಲೆಯವ ಎಲ್ಲಿಗೆ ಹೋದ?’

ಹೌದು, ಮದ್ದಲೆ ಇಲ್ಲ. ಇದ್ದರೂ ಕೊಡ ಕವುಚಿ ಹಾಕಿದ ಹಾಗೆ ದೂರದಲ್ಲೆಲ್ಲೋ. ಕತ್ತರಿಸಿ ಗಿಡ್ಡ ಮಾಡಿದ ವೈರುಗಳನ್ನು ಸಿಕ್ಕಿಸುವಾಗ ಒಂದು ಸ್ಪೀಕರಿಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಬಲಗಡೆಯ ಸ್ಪೀಕರು ಗಾಳಿಯನ್ನು ಮುಂದೆ ತಳ್ಳುವಾಗ ಎಡಗಡೆಯದ್ದು ಹಿಂದಕ್ಕೆ ಎಳೆಯುತ್ತದೆ. ಒಂದೊಂದೇ ಕಡೆ ಇದ್ದ ಭಾಗವತರಿಗೂ ಚೆಂಡೆಗೂ ತೊಂದರೆ ಇಲ್ಲ. ಎರಡೂ ಕಡೆ ಸಮನಾಗಿ ಹಂಚಿಕೊಂಡ ಮದ್ದಲೆಯ ಗಂಭೀರ ನಾದ ಮಾತ್ರ ಈ ಜಗ್ಗಾಟದಲ್ಲಿ ಅಳಿಸಿಹೋಗುತ್ತದೆ. ಕಾರಣ ಹುಡುಕಿ ವೈರು ತಿರುಗಿಸಿ ಹಾಕುವಷ್ಟರಲ್ಲಿ ಸಾಕ್ಷಿಗಳೆಲ್ಲ ಎದ್ದು ಹೋಗಿದ್ದರು. ಮಾವನ ಹೊಡೆತದ ಕೀರ್ತಿ ಮಾತ್ರ ಅಷ್ಟರಲ್ಲಿ ಕಾಂಪೌಂಡು ದಾಟಿತ್ತು.

ಕಳೆದುಕೊಂಡ ಮರ್ಯಾದೆ ವಾಪಸು ಪಡೆಯಲು ನಾನು ಬೆಳ್ಳಿಗೆ ಕೈ ಹಾಕಿದೆ. ಪಾತ್ರೆಯಲ್ಲಿ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡ ಬೆರೆಸಿದ ಬಿಸಿನೀರು ಹೊಯ್ದು, ಕಪ್ಪಾದ ಬೆಳ್ಳಿಯನ್ನು ಫಾಯಿಲಿಗೆ ತಾಗುವಂತೆ ಮುಳುಗಿಸಿದರೆ ಬೆಳ್ಳಿ ಹಿಡಿದುಕೊಂಡ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸುತ್ತದೆ. ತಿಕ್ಕುವ ಕೆಲಸವೇ ಇಲ್ಲ. ಬಿಂಬುಳಿ ಪಕ್ಷದವರಿಗೆ ಇದು ಸರಿಯಾದ ಉತ್ತರ ಎಂದು ಅತ್ತೆಯ ಕುಂಕುಮ ಭರಣಿ ಮುಳುಗಿಸಿದೆ. ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ‘ಗಂಧಕ ಹೋಗ್ತಾ ಉಂಟು’ ಎಂದು ಎಲ್ಲರಿಗೂ ಧೈರ್ಯ ಹೇಳಿದೆ. ಭರಣಿ ಹೊರಬಂದಾಗ ಹಾಲಿನಷ್ಟು ಬಿಳಿ! ಅತ್ತೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

‘ಇದರಲ್ಲಿ ಬಳ್ಳಿ, ನವಿಲು ಇತ್ತಲ್ಲ?’

ಇತ್ತು. ಕೆತ್ತನೆಯ ಗೆರೆಗಳಲ್ಲಿ ಬೇಕೆಂದೇ ಕಪ್ಪು ತುಂಬಿಸಿದ್ದರಿಂದ ನವಿಲು ಎದ್ದು ಕಾಣುತ್ತಿತ್ತು. ಆ ಕಪ್ಪೂ ಅದೇ ಸಲ್ಫೈಡು. ಒಳ್ಳೆಯ ಕಪ್ಪು ಯಾವುದು, ಕೆಟ್ಟ ಕಪ್ಪು ಯಾವುದು ಎಂದು ಅಲ್ಯೂಮಿನಿಯಮ್ಮಿಗೆ ಯಾರು ಹೇಳಬೇಕು? ನವಿಲು ಈಗಲೂ ಇದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ.

ಆದರೂ ಊರಿನಲ್ಲಿ ನನಗೊಂದು ಹೆಸರು ಬಂದದ್ದು ನಿಜ. ಸೆಲ್ಲು ಸೋರಿದ ರಿಮೋಟು, ಗೋಡೆ ಗಡಿಯಾರ, ಟಾರ್ಚು ಹಿಡಿದು ಜನ ಬರತೊಡಗಿದರು. ಅಲ್ಕಲೈನ್ ಸೆಲ್ಲಿನ ಬಿಳಿ ಪುಡಿ ಕ್ಷಾರ, ಅದಕ್ಕೆ ಲಿಂಬೆರಸ. ಸಾದಾ ಸತುವಿನ ಸೆಲ್ಲಿನದ್ದು ಆಮ್ಲ, ಅದಕ್ಕೆ ಅಡುಗೆ ಸೋಡ. ಎರಡಕ್ಕೂ ಆಮೇಲೆ ಒರೆಸುವುದು ಕಡ್ಡಾಯ ಎಂದು ಔಷಧ ಹೇಳುತ್ತಿದ್ದೆ. ಒರೆಸುವುದು ಕಡ್ಡಾಯ ಎಂಬಲ್ಲಿ ಹೆಂಡತಿಯ ಕಡೆ ನೋಡುತ್ತಿರಲಿಲ್ಲ.

ಅವಳು ಮಾತ್ರ ಎಲ್ಲವನ್ನೂ ನೋಡುತ್ತಿದ್ದಳು. ಅಷ್ಟಮಿ ಹತ್ತಿರ ಬಂದಾಗ ಹಿತ್ತಿಲಿಗೆ ಕರೆದಳು. ಚಾಪೆಯ ಮೇಲೆ ಕಾಲುದೀಪ, ತೂಗುದೀಪ, ಗಂಟೆ, ಹರಿವಾಣ, ತಾಮ್ರದ ಕೊಡಪಾನ, ಅವಳ ಅಜ್ಜಿಯ ಕಾಲದ ಹಂಡೆ ಸಾಲಾಗಿ ಕೂತಿದ್ದವು. ಪಕ್ಕದಲ್ಲಿ ಬುಟ್ಟಿ ತುಂಬ ಬಿಂಬುಳಿ. ಸ್ಟೂಲಿನ ಮೇಲೆ ಈ ಸಲ ಅವಳು ಕೂತಳು.

‘ಈ ಹರಿವಾಣದ್ದು ಬರೀ ಕ್ಯುಪ್ರಸ್, ಬೇಗ ಹೋಗ್ತದೆ. ಹಂಡೆಯದ್ದು ಕ್ಯುಪ್ರಿಕ್, ಅದಕ್ಕೆ ಸ್ವಲ್ಪ ಬಲ ಹಾಕಬೇಕು. ಕೊಡಪಾನದ ಕುತ್ತಿಗೆಯಲ್ಲಿ ಕ್ಲೋರೈಡ್ ಉಂಟು. ಪಾಲಿಶ್ ಪೇಪರ್ ಮುಟ್ಟಬೇಡಿ.’

ನಾನು ಪಂಚೆ ಎತ್ತಿ ಕಟ್ಟಿ ಹಂಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಿಕ್ಕುತ್ತಿರುವಾಗ ಗೇಟಿನ ಬಿಜಾಗರಿ ಕಿರ್ರೆಂದಿತು. ಹೆಡ್ಮಾಸ್ಟ್ರು ಎರಡು ಕಂಕುಳಲ್ಲಿ ಎರಡು ದೊಡ್ಡ ದೀಪ ಇಟ್ಟುಕೊಂಡು ಬರುತ್ತಿದ್ದರು.

‘ಬಲಗಡೆಯದ್ದು ಸರಿ ಉಂಟು ಮಾರಾಯ್ರೆ,’ ಎಂದರು ಅವನ್ನು ನನ್ನ ಮುಂದಿಡುತ್ತ. ‘ಎಡಗಡೆಯದ್ದು ಮಾತ್ರ ಭಾರೀ ಕಪ್ಪು. ನಿಮ್ಮ ಹತ್ತಿರ ಆ 99ರದ್ದು ಉಳಿದಿದ್ದರೆ ಸ್ವಲ್ಪ ಹಾಕಿ ತಿಕ್ಕಿ. ಉಳಿಯದಿದ್ದರೆ ಪರವಾಗಿಲ್ಲ, ನಿಮ್ಮ ಮಾವನನ್ನು ಕರೀರಿ, ಒಂದು ಹೊಡೆದು ಕೊಡಲಿ.’